ಚರಬಿ ಮುಟ್ಟಿದ ಕೈ

ರಾಣೇಬೆನ್ನೂರು
೪ ಜುಲೈ ೧೯೪೩

ರಘೂ,

ಕ್ಷೇಮ ಎಂದು ಬರೆಯುವುದು ವಾಡಿಕೆಯಾದ್ದರಿಂದ ಬರೆದಿದ್ದೇನೆ. ನಂಬಬೇಡ.

ನಿನ್ನ ಬಡ್ತಿಯ ಪತ್ರ ಗುರುವಾರ ಬಂತು. ಎಂದಿನಂತೆ ಅವ್ವ ದೇವರ ಕೋಣೆಯ ಹೊಸ್ತಿಲಾಚೆ ಬತ್ತಿ ಹೊಸೆಯುತ್ತ ಕುಳಿತಳು, ನಾನು ಈಚೆ ನಿಂತು ಓದಿದೆ. ಗಿರಣಿಯಲ್ಲಿ ನಿನ್ನನ್ನು ನೂಲಿಗೆ ಗಂಜಿ ಹಾಕುವ ವಿಭಾಗಕ್ಕೆ ಸಹಾಯಕ ಎಂಜಿನಿಯರ ಎಂದು ಹಾಕಿದ್ದಾರೆ. ಗಂಜಿ ಹಾಕದಿದ್ದರೆ ಮಗ್ಗದ ಎಳೆತಕ್ಕೆ ಹಾಸುನೂಲು ಹರಿದುಹೋಗುತ್ತದೆ. ಹಿಟ್ಟು ನೂಲಿಗೆ ಬಿಗಿ ಕೊಡುತ್ತದೆ, ಚರಬಿ ಮೆದು ಕೊಡುತ್ತದೆ. ನೀನು ಬರೆದದ್ದನ್ನು ಪಾಠದಂತೆ ಗಟ್ಟಿಯಾಗಿ ಓದುತ್ತ ಹೋದೆ. ಚರಬಿ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅದು ಪ್ರಾಣಿಯ ಕೊಬ್ಬೆಂದು ನನಗೆ ಹೊಳೆಯಿತು. ಮುಂದಿನ ಸಾಲು ನೋಡಿಕೊಂಡು ಈ ಸಾಲು ಓದಿರಿ ಎಂದು ಶಾಲೆಯಲ್ಲಿ ಹುಡುಗಿಯರಿಗೆ ದಿನವೂ ಕಲಿಸುವವಳು ನಾನು.

ಅವ್ವನ ಕೈಯ ಬತ್ತಿ ನಿಂತಿತು.

"ಏನಂದಿ?"

"ಎಣ್ಣಿ ಇದ್ದಂಗ ಏನೋ ಅಂತವ್ವಾ."

"ನನ್ನ ಕಿವಿ ಇನ್ನೂ ಹೋಗಿಲ್ಲ. ಯಾವುದರ ಚರಬಿ?"

"ಕುರೀದು ಇರಬೇಕು."

"ಇರಬೇಕು ಅಂದ್ರ? ಡಬ್ಬೀ ಮ್ಯಾಲ ಕುರಿ ಬಂದು ಸಹಿ ಮಾಡೇದೇನು?"

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಟ್ರಂಕಿನಲ್ಲಿದ್ದ ಹೊಸ ಧೋತರ, ಸೀರೆ ಎಲ್ಲವನ್ನೂ ಹಿತ್ತಲಿಗೆ ಎಸೆದು ನನ್ನಿಂದ ಒಗೆಸಿದ್ದಾಳೆ. ಒಗೆದರೆ ಗಂಜಿ ಹೋಗುತ್ತದಲ್ಲ ಎಂದೆ. "ಕಲಿ ಹೋದೀತು, ಮೈಲಿಗಿ ಹೆಂಗ ಹೋಗತದ?" ಎಂದಳು. ಒಗೆಸಿದ್ದಾದರೂ ಯಾತಕ್ಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆದರೆ ನಿಜವಾದ ಸಂಗತಿ ಬಟ್ಟೆಯದಲ್ಲ. ರಾತ್ರಿ ಫಳಾರಕ್ಕೆ ಕುಳಿತಾಗ ಅಪ್ಪನ ಮಾತೆತ್ತಿದಳು: "ಪುಷ್ಯ ಶುದ್ಧ ಪಂಚಮಿಗೆ ಅವರ ತಿಥಿ. ಆ ಕೈಲೆ ಅವರಿಗೆ ಪಿಂಡಾ ಹಾಕ್ತಾನೇನು? ಚರಬಿ ಬಿಡಲಿ, ಇಲ್ಲಾ ನೌಕರಿ ಬಿಡಲಿ. ಎರಡೂ ಆಗಲಿಲ್ಲಂದ್ರ ಹಾವೇರಿ ಅಣ್ಣಾಜಿ ಅದಾನ."

ಅಣ್ಣಾಜಿ. ಅಪ್ಪ ಸಾಯುವ ತನಕ ಯಾರ ಮನೆಯ ನೀರು ಮುಟ್ಟಲಿಲ್ಲವೋ ಆ ದಾಯಾದಿ ಅಪ್ಪನ ಹೆಸರು ಹೇಳಿ ಎಳ್ಳುನೀರು ಬಿಡಬೇಕು. ಇದನ್ನು ಅವ್ವ ಸಿಟ್ಟಿನಲ್ಲಿ ಹೇಳಲಿಲ್ಲ. ಹಾಲಿನ ಲೆಕ್ಕ ಹೇಳಿದ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆ.

ನಿನ್ನ ಬಡ್ತಿಯ ಸಲುವಾಗಿ ಪೇಢೆ ಹಂಚಬೇಕೆಂದಿದ್ದೆ.

ತಲೆನೋವಿನಲ್ಲಿರುವ
ಸುಲಭಾ


ಮುಂಬಯಿ, ಪರಳ
೧೬ ಜುಲೈ ೧೯೪೩

ಅಕ್ಕಾ,

ಊರಿಗೆ ಊರೇ ಉಡುವ ಬಟ್ಟೆ ಹೀಗೇ ತಯಾರಾಗುತ್ತದೆ. ಅವ್ವ ಇಷ್ಟು ವರ್ಷ ಉಟ್ಟ ಕೆಂಪು ಸೀರೆಯ ನೂಲಿಗೂ ಚರಬಿ ಸೋಕಿರಬೇಕು. ಈ ಸಾಲನ್ನು ಓದಬೇಡ, ದಯವಿಟ್ಟು ಮುಂದಿನ ಸಾಲು ನೋಡಿಕೊಂಡು ಓದು.

ನೌಕರಿ ಬಿಡುವುದಿಲ್ಲ. ಇದಕ್ಕಾಗಿ ಎಷ್ಟು ವರ್ಷ ಓದಿದ್ದೇನೆಂದು ನಿನಗೆ ಗೊತ್ತು. ಅಪ್ಪನ ತಿಥಿಯನ್ನು ಅಣ್ಣಾಜಿಗೂ ಬಿಡುವುದಿಲ್ಲ.

ಒಂದು ದಾರಿ ಇದೆ. ಯುದ್ಧದಿಂದಾಗಿ ಹೊರಗಿನ ಮೆಕ್ಕೆಜೋಳದ ಹಿಟ್ಟು ಸಿಕ್ಕುತ್ತಿಲ್ಲ. ಇಲ್ಲಿ ಅಕ್ಕಿಗೆ ಸಾಲು ನಿಲ್ಲುವ ಜನರ ಮುಂದೆ ಅಕ್ಕಿಯ ಹಿಟ್ಟನ್ನು ನೂಲಿಗೆ ಬಳಿಯುವುದು ಆಗದ ಮಾತು. ಜನ ತಿನ್ನದ ಯಾವುದಾದರೂ ವಸ್ತುವಿನಿಂದ ಗಂಜಿ ಆಗಬೇಕೆಂದು ನಮ್ಮ ಸಾಹೇಬರು ಹುಡುಕುತ್ತಿದ್ದಾರೆ. ನಾನು ಹುಣಸೆ ಬೀಜ ಎಂದೆ. ನಮ್ಮ ಕಡೆಯ ಕಂಬಳಿಯವರು ಹುಣಸೆ ಬೀಜದ ಗಂಜಿಯನ್ನೇ ಹಾಕುತ್ತಾರಲ್ಲ? ಅವರು ಅದರಲ್ಲಿ ಚರಬಿ ಹಾಕುವುದನ್ನು ನಾನಂತೂ ಕಂಡಿಲ್ಲ. ಆ ಗಂಜಿ ಹತ್ತಿ ನೂಲಿಗೆ ಒಗ್ಗಿದರೆ ಹಿಟ್ಟಿನ ಕೊರತೆಯೂ ತೀರುತ್ತದೆ, ಚರಬಿಯೂ ಹೋಗುತ್ತದೆ.

ನನಗಿಲ್ಲಿ ಕೈಬಿಡುವಿಲ್ಲ. ನೀನು ಬೀಜ ತರಿಸಿ, ಐರಣಿಯ ಕಂಬಳಿಯವರನ್ನು ಕೇಳಿ, ಗಂಜಿ ಕಾಯಿಸಿ, ಹತ್ತಿ ನೂಲಿನ ಲಡಿ ಅದ್ದಿ ಒಣಗಿಸಿ ಕಳಿಸು. ಸುಲಭದ ಕೆಲಸ. ಪುಷ್ಯದೊಳಗೆ ಚರಬಿ ಬಿಡಿಸುತ್ತೇನೆಂದು ಅವ್ವನಿಗೆ ನನ್ನ ಮಾತು ಕೊಡು.

ನಿನ್ನ
ರಘು


ರಾಣೇಬೆನ್ನೂರು
೨೨ ಆಗಸ್ಟ್ ೧೯೪೩

ರಘೂ,

ಸುಲಭದ ಕೆಲಸ ಎಂದು ಬರೆದವನು ಒಮ್ಮೆ ಹುಣಸೆ ಬೀಜದ ಸಿಪ್ಪೆ ಸುಲಿಯಬೇಕು.

ಬ್ಯಾಡಗಿಯ ವ್ಯಾಪಾರಿ ಚನ್ನಬಸಪ್ಪ ಬೀಜ ಕಳಿಸಿದರು. ಅಪ್ಪನ ಮೇಲಿನ ಗೌರವಕ್ಕೆ ಪುಕ್ಕಟೆ. ಕಳಿಸಿದ್ದು ಮೆಣಸಿನಕಾಯಿಯ ಹಳೆಯ ಚೀಲದಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊಗಳುವವರು ಅದರ ಚೀಲ ಕೊಡವಿ ನೋಡಿಲ್ಲ. ನಾನು, ಅವ್ವ, ಪಕ್ಕದ ಮನೆಯವರು, ಅವರ ಆಕಳು, ಎಲ್ಲರೂ ಸಂಜೆಯ ತನಕ ಸೀನಿದೆವು.

ಸಂತೆಯ ದಿನ ಐರಣಿಯ ಗುಡದಪ್ಪ ಮತ್ತು ಅವನ ಹೆಂಡತಿ ಜಯವ್ವ ಕಂಬಳಿ ಮಾರಲು ಬಂದಿದ್ದರು. ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕುಳಿತು ಕೇಳಿದೆ. ಶಾಲೆಯ ಅಕ್ಕೋರು ಕಂಬಳಿಯವರ ಬಳಿ ಪಾಠ ಹೇಳಿಸಿಕೊಳ್ಳುವುದನ್ನು ನೋಡಲು ಒಂದಿಷ್ಟು ಜನ ಸೇರಿದರು.

ಬೀಜ ಹುರಿಯಬೇಕು, ಸಿಪ್ಪೆ ಬಿಡಿಸಬೇಕು, ನೆನೆಸಿ ಅರೆಯಬೇಕು, ಕುದಿಸಬೇಕು. ಇಷ್ಟನ್ನು ಅವನು ಹೇಳಿದ. ಹತ್ತಿ ನೂಲಿಗೆ ಎಂದ ಕೂಡಲೇ ತಲೆ ಕೆರೆದುಕೊಂಡ.

"ಅಕ್ಕೋರ, ಇದು ಕಂಬಳಿ ಗಂಜಿರಿ. ಉಣ್ಣಿಗೆ ಜಿಡ್ಡು ಕುರೀನ ಕೊಟ್ಟಿರತೈತಿ. ಹತ್ತಿ ನೂಲು ನಾವು ಮುಟ್ಟಿದವರಲ್ಲ. ಏನಾಕ್ಕೈತೋ ನಂಗೂ ಗೊತ್ತಿಲ್ಲ."

"ಕಟಗಿ ಆಕ್ಕೈತಿ, ಮತ್ತೇನಾಕ್ಕೈತಿ" ಎಂದಳು ಜಯವ್ವ. "ಆದ್ರ ಒಲಿಗೆ ಹಾಕ್ರಿ. ಈಗ ಕಟಗೀನೂ ತುಟ್ಟಿ ಅದಾವು."

ಕಟ್ಟಿಗೆಯೇ ಆಯಿತು. ಲಡಿ ಒಣಗಿದ ಮೇಲೆ ಕಸಬರಿಗೆಯ ಕಡ್ಡಿಯ ಹಾಗೆ ನಿಂತಿತು, ಬಾಗಿಸಿದರೆ ಲಟಕ್ಕನೆ ಮುರಿಯಿತು. ಸಿಪ್ಪೆ ಅಲ್ಲಲ್ಲಿ ಉಳಿದಿದ್ದರಿಂದ ಬಣ್ಣ ಕಂದು. ಮರುದಿನ ಗಂಜಿ ಹುಳಿತು. ವಾಸನೆಗೆ ಅವ್ವ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಒಳಗಿನಿಂದಲೇ "ನಿನ್ನ ತಮ್ಮ ಇದನ್ನೇನು ಉಣ್ಣಾಂವಾ, ಉಡಾಂವಾ?" ಎಂದು ಕೇಳಿದಳು.

ಕಡ್ಡಿಗಳನ್ನು ಕಳಿಸಿದ್ದೇನೆ. ನನ್ನ ಕವಿತೆಯ ಪುಸ್ತಕದ ನಡುವೆ ಒತ್ತಿಟ್ಟರೂ ನೇರವಾಗದ ನೂಲು ಇದು. ಪುಸ್ತಕ ಮಾತ್ರ ಅಂಟಿಕೊಂಡಿದೆ.

ನಿನ್ನ ಪುಕ್ಕಟೆ ಪ್ರಯೋಗಶಾಲೆ
ಸುಲಭಾ


ಮುಂಬಯಿ
೩ ಸೆಪ್ಟೆಂಬರ್ ೧೯೪೩

ಅಕ್ಕಾ,

ಅವಸರದ ಕಾರ್ಡು. ಬಿಗಿ ಚೆನ್ನಾಗಿದೆ, ಮೆದು ಇಲ್ಲ. ಜಿಡ್ಡು ಬೇಕೇ ಬೇಕು. ಶೇಂಗಾ ಎಣ್ಣೆ, ಔಡಲೆಣ್ಣೆ, ಕುಸುಬಿ ಎಣ್ಣೆ ಒಂದೊಂದಾಗಿ ಹಾಕಿ ನೋಡು. ಬಾಚಣಿಗೆಯ ಹಲ್ಲಿನ ಮೇಲೆ ನೂಲನ್ನು ಹಿಂದೆ ಮುಂದೆ ಎಳೆದು ಯಾವುದು ತಡವಾಗಿ ಹರಿಯುತ್ತದೆಂದು ನೋಡಬೇಕು. ಹೋಲಿಸಲು ಒಂದು ಲಡಿ ಚರಬಿಯದೂ ಇರಬೇಕು. ಸಣ್ಣ ಡಬ್ಬಿಯಲ್ಲಿ ಚರಬಿ ಹಾಕಿ ಪಾರ್ಸಲ್ ಮಾಡಿದ್ದೇನೆ. ಶಾಲೆಯ ವಿಳಾಸಕ್ಕೆ. ಅಷ್ಟು ಬುದ್ಧಿ ನನಗೂ ಇದೆ.

ರಘು


ರಾಣೇಬೆನ್ನೂರು
೨೬ ಸೆಪ್ಟೆಂಬರ್ ೧೯೪೩

ರಘೂ,

ನಿನಗೆ ಬುದ್ಧಿ ಇದೆ ಎಂಬುದನ್ನು ಪೋಸ್ಟಿನ ಡಾಕಪ್ಪ ಒಪ್ಪುವುದಿಲ್ಲ. ಬಿಸಿಲಿಗೆ ಡಬ್ಬಿ ಸೋರಿ ಅವನ ಚೀಲದಲ್ಲಿದ್ದ ಕಾಗದಗಳೆಲ್ಲ ಪಾರದರ್ಶಕವಾಗಿದ್ದವು. "ಅಕ್ಕೋರ, ಊರ ಮಂದಿ ಗುಟ್ಟೆಲ್ಲಾ ಹೊರಗ ಕಾಣಾಕತ್ತೈತ್ರಿ" ಎಂದ. ನಾನು ಅದನ್ನು ಗಾಡಿಯ ಕೀಲೆಣ್ಣೆ ಎಂದೆ. ಶಾಲೆಯ ಮಾಸ್ತರಿಣಿ ಗಾಡಿಯ ಕೀಲೆಣ್ಣೆ ಯಾಕೆ ತರಿಸುತ್ತಾಳೆ ಎಂದು ಅವನು ಇನ್ನೂ ಯೋಚಿಸುತ್ತಿರಬೇಕು.

ಹುಡುಗಿಯರು ಹೋದ ಮೇಲೆ ಶಾಲೆಯ ಹಿಂದಿನ ಪಡಸಾಲೆಯಲ್ಲಿ ಆ ಡಬ್ಬಿ ಬಿಚ್ಚಿದೆ. ಬಿಚ್ಚುವ ಮುನ್ನ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ ಎಂಬುದನ್ನು ನೀನು ನಿನ್ನ ವರದಿಯಲ್ಲಿ ಬರೆಯಬೇಕಾಗಿಲ್ಲ. ಬೆರಳಿನಿಂದಲೇ ತೆಗೆಯಬೇಕಾಯಿತು, ಚಮಚ ಮನೆಯದು ತರುವ ಹಾಗಿರಲಿಲ್ಲ. ಸೀಗೆಕಾಯಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಅದರ ವಾಸನೆ ಉಳಿಯಿತು. ಆ ಕೈಯಿಂದ ಮನೆಗೆ ಬಂದು ಅವ್ವನ ಬಾವಿಯ ಹಗ್ಗ ಹಿಡಿದೆ. ಡಬ್ಬಿಯನ್ನು ಬೇವಿನ ಗಿಡದ ಬುಡದಲ್ಲಿ ಹೂತಿದ್ದೇನೆ.

ಚರಬಿಯ ಲಡಿ ಬಾಚಣಿಗೆಯ ಮೇಲೆ ರೇಶಿಮೆಯ ಹಾಗೆ ಓಡಿತು. ಹೇಳಲು ಬೇಸರ, ಆದರೆ ಓಡಿತು. ನಿನ್ನ ಎಣ್ಣೆಗಳೆಲ್ಲ ಗಂಜಿಯ ಮೇಲೆ ತೇಲಿ ಕುಳಿತವು. ಒಂದು ಎಳೆ ತೊಯ್ದು ತೊಪ್ಪೆಯಾದರೆ ಇನ್ನೊಂದು ಎಳೆ ಕಡ್ಡಿ. ಔಡಲೆಣ್ಣೆಯ ಲಡಿ ನೋಡಿದರೆ ಚಿಕ್ಕಂದಿನಲ್ಲಿ ಅವ್ವ ಮೂಗು ಹಿಡಿದು ಕುಡಿಸಿದ್ದು ನೆನಪಾಗುತ್ತದೆ, ಬೇರೆ ಪ್ರಯೋಜನವಿಲ್ಲ.

ನಿನ್ನೆ ಅವ್ವ ಹೊಸ ತಕರಾರು ತೆಗೆದಳು. "ಅವರ ತಿಥಿ ಸಲುವಾಗಿ ಇಷ್ಟೆಲ್ಲಾ ನಡದದಂದ್ರ ಇದನ್ನ ಮೈಲಿಗ್ಯಾಗ ಯಾಕ ಕಾಸ್ತಿ? ಸರಿ ಅತ್ತಾಗ" ಎಂದು ಸ್ನಾನ ಮಾಡಿ, ಮಡಿಯುಟ್ಟು, ಬೀಜದ ಹಿಟ್ಟನ್ನು ತನ್ನ ಒಲೆಯ ಮೇಲೆ ತನ್ನ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿದಳು. ನನಗೆ ಒಳಗೆ ಹೆಜ್ಜೆ ಇಡಲು ಬಿಡಲಿಲ್ಲ. ಮುಗಿದ ಮೇಲೆ ಪಾತ್ರೆಯನ್ನು ಹೊಸ್ತಿಲಿಗೆ ತಳ್ಳಿದಳು. ಲಡಿ ಅದ್ದಿ ಒಣಗಿಸಿದ್ದೇನೆ. ನನಗೆ ಸಾಕಾಗಿಹೋಗಿದೆ, ಬಾಚಣಿಗೆಯ ಮೇಲೆ ಎಳೆದು ನೋಡದೆಯೇ ಕಳಿಸುತ್ತಿದ್ದೇನೆ.

ಅಕ್ಕ


ಮುಂಬಯಿ
೧೨ ಅಕ್ಟೋಬರ್ ೧೯೪೩

ಅಕ್ಕಾ, ಅಕ್ಕಾ,

ಕೊನೆಯ ಲಡಿಯಲ್ಲಿ ಏನು ಹಾಕಿದ್ದೀರಿ?

ಅದು ಬಾಗುತ್ತದೆ, ಹೊಳೆಯುತ್ತದೆ, ಹರಿಯುವುದಿಲ್ಲ. ನಮ್ಮ ಯಂತ್ರಕ್ಕೆ ಕಟ್ಟಿ ಎಳೆದು ನೋಡಿದೆ, ಚರಬಿಯ ನೂಲಿಗೆ ಸಮ. ಸಾಹೇಬರನ್ನು ಕರೆದು ತೋರಿಸಿದೆ. ಬರೀ ಹುಣಸೆ ಬೀಜ, ಜಿಡ್ಡು ಏನೂ ಇಲ್ಲ ಎಂದೆ. ಅವರು ನಂಬಲಿಲ್ಲ, ನಂತರ ನಂಬಿದರು. ಒಂದು ಇಡೀ ಉರುಳೆ ಹಾಸುನೂಲಿಗೆ ಹಾಕಿ ನೋಡಲು ಅಪ್ಪಣೆ ಕೊಟ್ಟಿದ್ದಾರೆ. ಬೀಜ ಮೂಟೆಗಟ್ಟಲೆ ಬರಲಿದೆ.

ವಿಧಾನವನ್ನು ತಪ್ಪದೆ ಬರೆ. ಅವ್ವನಿಗೆ ಹೇಳು, ಪುಷ್ಯದ ತನಕ ಕಾಯಬೇಕಾಗಿಲ್ಲ.

ರಘು


ರಾಣೇಬೆನ್ನೂರು
೨೦ ಅಕ್ಟೋಬರ್ ೧೯೪೩

ರಘೂ,

ಏನೂ ಹಾಕಿಲ್ಲ. ಅದೇ ಬೀಜ, ಅದೇ ನೀರು. ಅವ್ವನನ್ನು ಕೇಳಿದೆ. "ನಾ ಏನ ಹಾಕಲಿ? ನೀ ಕೊಟ್ಟದ್ದನ್ನ ಕಾಸೀನಿ" ಎಂದಳು. ಮಡಿಯೊಂದೇ ವ್ಯತ್ಯಾಸ. ಮಡಿಗೆ ನಿನ್ನ ಯಂತ್ರದಲ್ಲಿ ಅಳತೆ ಇದೆಯೇ?

ನಾನು ಹೊರಗಿನ ಒಲೆಯ ಮೇಲೆ ಮತ್ತೆ ಮಾಡಿದೆ. ಕಟ್ಟಿಗೆ. ಇನ್ನೊಮ್ಮೆ ಮಾಡಿದೆ. ಅದೂ ಕಟ್ಟಿಗೆ. ಬರೀ ಬೀಜ ಎಂದು ನೀನು ಸಾಹೇಬರಿಗೆ ಹೇಳುವ ಮುನ್ನ ಒಂದು ಕಾರ್ಡು ಬರೆದು ಕೇಳಬಹುದಿತ್ತು. ದೊಡ್ಡ ಉರುಳೆಗೆ ಹಾಕಬೇಡ, ತಡೆ. ಅವ್ವನಿಂದ ಮತ್ತೊಮ್ಮೆ ಮಾಡಿಸುತ್ತೇನೆ. ಆದರೆ ದೀಪಾವಳಿ ಮುಗಿಯುವ ತನಕ ಅವಳ ಒಲೆ ಖಾಲಿ ಇರುವುದಿಲ್ಲ.

ಸುಲಭಾ


ಮುಂಬಯಿ
೮ ನವೆಂಬರ್ ೧೯೪೩

ಸುಲಭಾ,

ನಿನ್ನ ಕಾಗದ ತಲುಪುವ ಮೊದಲೇ ಉರುಳೆಗೆ ಹಾಕಿದ್ದೆವು. ಮಗ್ಗ ಒಂದು ಗಳಿಗೆಯೂ ಸರಿಯಾಗಿ ನಡೆಯಲಿಲ್ಲ. ನೂಲು ಕಿತ್ತು ಕಿತ್ತು ಬಿತ್ತು. ನೇಯುವವರು ಕೈಕಟ್ಟಿ ನಿಂತರು. "ಬೀಜ ಉಳಿದಿದ್ದರೆ ಊರಿಗೆ ಕಳಿಸಿ, ಮನೆಯವರು ಹುರಿದು ತಿನ್ನಲಿ" ಎಂದರು ಸಾಹೇಬರು, ಎಲ್ಲರ ಮುಂದೆ.

ನೀನು ಏನೋ ಬೆರೆಸಿ ಮರೆತಿದ್ದೀಯ, ಅಥವಾ ಚರಬಿಯ ಲಡಿಯನ್ನೇ ತಪ್ಪಿ ಕಳಿಸಿದ್ದೀಯ. ಎಚ್ಚರದಿಂದ ಮಾಡಬೇಕಾದ ಕೆಲಸವನ್ನು ಬೇಸರದಿಂದ ಮಾಡಿದರೆ ಹೀಗೇ ಆಗುತ್ತದೆ.

ಅಣ್ಣಾಜಿಗೆ ಬರೆದುಬಿಡಿರಿ. ನಾನು ಬರುವುದಿಲ್ಲ.

ರಘೋತ್ತಮ


ರಾಣೇಬೆನ್ನೂರು
೨೧ ನವೆಂಬರ್ ೧೯೪೩

ರಘೋತ್ತಮರಾಯರೇ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಅದನ್ನು ಅವ್ವನಿಗೂ ಓದಲಿಲ್ಲ. ರಘು ಏನು ಬರೆದ ಎಂದು ಕೇಳಿದಳು, ಕೆಲಸ ಬಹಳ ಅಂತೆ ಎಂದೆ. ಅವಳು ನನ್ನ ಮುಖ ನೋಡಿದಳು. "ನಾಳೆ ಬೀಜದ ಹಿಟ್ಟು ಕೊಡು, ಇನ್ನೊಮ್ಮೆ ಕಾಸತೀನಿ" ಎಂದಳು.

ಈ ಬಾರಿ ಹೊಸ್ತಿಲಿನ ಈಚೆ ಮಣೆ ಹಾಕಿಕೊಂಡು ಕುಳಿತು ಕಣ್ಣು ಮಿಟುಕಿಸದೆ ನೋಡಿದೆ. ಹಿಟ್ಟು ಹಾಕಿದಳು, ನೀರು ಹಾಕಿದಳು, ತಿರುವಿದಳು, ಕುದಿಸಿದಳು. ನಾನು ಮಾಡಿದ ಹಾಗೆಯೇ. ಪಾತ್ರೆಯನ್ನು ಇಳಿಸಿದಳು. ಆಮೇಲೆ ಗೂಡಿನಿಂದ ತುಪ್ಪದ ಗಿಂಡಿ ತೆಗೆದು ಒಂದು ಸೌಟು ಅದರಲ್ಲಿ ಬಿಟ್ಟು ತಿರುವಿದಳು.

"ಅವ್ವಾ, ಅದೇನದು?"

"ಯಾವುದು?"

"ಈಗ ಹಾಕಿದ್ದು."

"ತುಪ್ಪಾ."

"ಏನೂ ಹಾಕಿಲ್ಲ ಅಂದಿದ್ದಿ."

"ತುಪ್ಪಾ ಹಾಕೂದಂದ್ರ ಏನರೆ ಹಾಕಿಧಂಗ ಏನು? ಮಡೀ ಒಲಿಯಿಂದ ಇಳಿಸಿದ್ದನ್ನ ತುಪ್ಪದಲೆ ಶುದ್ಧ ಮಾಡದ ಹೊರಗ ಕೊಡತೀನೇನು? ಎಷ್ಟು ವರ್ಷ ನನ್ನ ಕೈಲೆ ಉಂಡೀದಿ?"

"ಶುದ್ಧಕ್ಕ ಒಂದು ಹನಿ ಸಾಕಲ್ಲವ್ವಾ. ಒಂದು ಸೌಟು ಯಾಕ?"

ಅವ್ವ ಮುಖ ಆಚೆ ತಿರುಗಿಸಿದಳು. "ಎಲ್ಲಾ ಸರಿ ಆಗಲಿ ಅಂತ ಹಾಕಿದೆ. ಕೈ ತಡೀಲಿಲ್ಲ."

ನಮ್ಮ ಮನೆಯಲ್ಲಿ ಅನ್ನಕ್ಕೆ ತುಪ್ಪ ಬಿಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀನೂ ಹಿಡಿಯುತ್ತಿರಲಿಲ್ಲ. ಲಡಿ ಕಳಿಸಿದ್ದೇನೆ. ಈ ಬಾರಿ ಬಾಚಣಿಗೆಯ ಮೇಲೆ ಎಳೆದು ನೋಡಿದ್ದೇನೆ, ಕೈ ಸೋತು ಬಿಟ್ಟೆ, ನೂಲು ಹರಿಯಲಿಲ್ಲ.

ಇನ್ನು ಅಣ್ಣಾಜಿಯ ಮಾತು. ಈ ಮನೆಯಲ್ಲಿ ಕಾಗದ ಬರೆಯುವವಳು ನಾನೊಬ್ಬಳೇ. ಅಣ್ಣಾಜಿಗೆ ಬರೆ ಎಂದು ಅವ್ವ ನನಗೆ ಈ ತನಕ ಹೇಳಿಲ್ಲ. ಅದರ ಅರ್ಥವೇನೆಂದು ನೀನೇ ಯೋಚಿಸು, ನನಗೆ ಹುಡುಗಿಯರ ಉತ್ತರಪತ್ರಿಕೆ ತಿದ್ದುವುದಿದೆ.

ಬೇಸರದಿಂದ ಕೆಲಸ ಮಾಡುವ
ಸುಲಭಾ


ಮುಂಬಯಿ
೫ ಡಿಸೆಂಬರ್ ೧೯೪೩

ಅಕ್ಕಾ,

ನನ್ನ ಕಳೆದ ಪತ್ರವನ್ನು ಹರಿದುಹಾಕು.

ತುಪ್ಪ ಎಂದು ಓದಿದ ಕೂಡಲೇ ಎಲ್ಲ ತಿಳಿಯಿತು. ಎಣ್ಣೆ ತಣ್ಣಗಾದರೂ ಎಣ್ಣೆಯಾಗಿಯೇ ತೇಲುತ್ತದೆ. ತುಪ್ಪ ಬಿಸಿಯಲ್ಲಿ ಕರಗಿ ಗಂಜಿಯಲ್ಲಿ ಬೆರೆಯುತ್ತದೆ, ತಣ್ಣಗಾದಾಗ ನೂಲಿನ ಎಳೆಗಳ ನಡುವೆಯೇ ಹೆಪ್ಪುಗಟ್ಟಿ ಕೂಡುತ್ತದೆ. ಚರಬಿ ಮಾಡುವುದೂ ಇದನ್ನೇ. ಗಿರಣಿಗೆ ತುಪ್ಪ ಸುರಿಯುವುದು ಆಗದ ಮಾತು. ಆದರೆ ತುಪ್ಪದ ಹಾಗೆ ಹೆಪ್ಪುಗಟ್ಟುವ ಎಣ್ಣೆ ಈಗ ಇದೆ. ಶೇಂಗಾ ಎಣ್ಣೆಯೊಳಗೆ ಜಲಜನಕ ಎಂಬ ಅನಿಲವನ್ನು ಒತ್ತಿ ಅದನ್ನು ಗಟ್ಟಿ ಮಾಡುತ್ತಾರೆ. ಡಬ್ಬಿಯಲ್ಲಿ ವನಸ್ಪತಿ ಎಂದು ಬರುತ್ತದಲ್ಲ, ಅದು. ತಿನ್ನಲು ಯೋಗ್ಯವಲ್ಲವೆಂದು ಒಂದು ಕಾರಖಾನೆಯವರು ಬದಿಗಿಟ್ಟ ಪೀಪಾಯಿ ತಂದು ಹುಣಸೆ ಗಂಜಿಯಲ್ಲಿ ಹಾಕಿದೆ. ಮಗ್ಗ ನಡೆಯಿತು. ಸಾಹೇಬರು ನಿಂತು ನೋಡಿದರು. ಮರುದಿನ ಒಂದು ಯಂತ್ರವನ್ನು ಇದಕ್ಕೇ ಬಿಟ್ಟುಕೊಟ್ಟು, ಅದರ ಜವಾಬ್ದಾರಿ ನನಗೆ ಎಂದರು.

ಒಂದೇ ಯಂತ್ರ, ಅಕ್ಕಾ. ಉಳಿದವೆಲ್ಲ ಇನ್ನೂ ಚರಬಿಯಲ್ಲೇ ನಡೆಯುತ್ತವೆ, ಪುಷ್ಯದೊಳಗೆ ಬದಲಾಗುವುದಿಲ್ಲ. ನಾನು ಕೊಟ್ಟ ಮಾತು ಪೂರ್ತಿ ನಡೆಯಲಿಲ್ಲ. ಇನ್ನೂ ಒಂದು: ನಮ್ಮ ರಸಾಯನಶಾಸ್ತ್ರದ ಪ್ರಕಾರ ತುಪ್ಪವೂ ಚರಬಿಯೂ ಒಂದೇ ಕುಲದವು, ಎರಡೂ ಪ್ರಾಣಿಯ ಕೊಬ್ಬು. ಇದೆಲ್ಲವನ್ನೂ ಅವ್ವನಿಗೆ ಓದು. ಸುಳ್ಳು ಹೇಳಿ ಅಪ್ಪನ ಮುಂದೆ ಕೂಡಲಾರೆ. ಅವಳು ಬೇಡವೆಂದರೆ ಬರುವುದಿಲ್ಲ.

ರಘು


ರಾಣೇಬೆನ್ನೂರು
೧೪ ಡಿಸೆಂಬರ್ ೧೯೪೩

ರಘೂ,

ಸತ್ಯ ಹೇಳುವ ಹುಮ್ಮಸ್ಸು ನಿನಗೆ, ಓದುವ ಬಾಯಿ ನನಗೆ. ಈ ಏರ್ಪಾಡನ್ನು ಯಾರು ಮಾಡಿದರೋ.

ಈ ಬಾರಿ ನಾನು ಮುಂದಿನ ಸಾಲು ನೋಡಿಕೊಂಡೇ ಓದಿದೆ. ತುಪ್ಪವೂ ಚರಬಿಯೂ ಎಂಬಲ್ಲಿಗೆ ಬಂದು ನಿಲ್ಲಿಸಿದೆ.

"ಯಾಕ ನಿಂತಿ? ಓದು."

"ಮುಗೀತವ್ವಾ."

"ಕಾಗದದ ಆ ಮಗ್ಗಲಾ ಅಕ್ಷರಾ ಕಾಣ್ತಾವ ಇಲ್ಲಿಂದ."

ಓದಿದೆ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅದೇ ನನಗೆ ಸೋಜಿಗ.

"ಒಂದ ಕುಲಾ ಅಂತೇನು? ಆಕಳಾ ತಾನ ಕೊಟ್ಟದ್ದು ಬ್ಯಾರೆ, ಪ್ರಾಣಿ ಕೊಂದು ತಗೊಂಡದ್ದು ಬ್ಯಾರೆ. ಅದು ಅವನ ಯಂತ್ರಕ್ಕ ತಿಳಿಯೂದಿಲ್ಲಂದ್ರ ಯಂತ್ರಕ್ಕ ತಿಳೀದಂಗಾತು, ಅಷ್ಟ."

ಉಣ್ಣೆಗೆ ಜಿಡ್ಡು ಕುರಿಯೇ ಕೊಟ್ಟಿರುತ್ತದೆ ಎಂದ ಗುಡದಪ್ಪನ ಮಾತು ನನಗೆ ನೆನಪಾಯಿತು. ವನಸ್ಪತಿಯ ಸುದ್ದಿಗೆ ಬಂದೆ.

"ತುಪ್ಪಾ ಅಂತ ಹೇಳಿ ಮಾರತಾರಲ್ಲ, ಆ ಕಳ್ಳ ತುಪ್ಪಾ?"

"ಹೌದು."

"ಹಾಕಲಿ. ನೂಲಿಗೆ ಮೋಸಾ ಆದ್ರ ಅಡ್ಡಿ ಇಲ್ಲ." ಇನ್ನೊಂದು ಬತ್ತಿ ಹೊಸೆದು, "ಉಳಿದ ಯಂತ್ರೆಲ್ಲಾ ಚರಬೀಲೆ ನಡೀತಾವ ಅಂದ್ಯಲ್ಲ. ಇಂವಾ ಯಾವುದರ ಮುಂದ ನಿಂದರತಾನ?" ಎಂದು ಕೇಳಿದಳು.

"ಆ ಒಂದರ ಮುಂದ."

"ಹಂಗಾದ್ರ ಬರಲಿ."

ಇಷ್ಟೇ. ಹುರಿದ ಬೀಜ, ಹುಳಿತ ಗಂಜಿ, ಡಾಕಪ್ಪನ ಚೀಲ, ಹಾಳಾದ ನನ್ನ ಪುಸ್ತಕ. ಜುಲೈಯಿಂದ ಇಲ್ಲಿಯ ತನಕ ಇಷ್ಟೆಲ್ಲ ಆದ ಮೇಲೆ ಅವಳಿಗೆ ಬೇಕಾಗಿದ್ದ ಉತ್ತರ ಅದೊಂದೇ. ಮೊದಲ ದಿನವೇ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ ಎನ್ನುವೆಯಾ? ಗೊತ್ತು. ಆದರೂ ನನಗೆ ಗೋಡೆಗೆ ತಲೆ ಹಾಯಿಸಬೇಕೆನಿಸಿತು.

ಹಿಂದಿನ ದಿನವೇ ಬಾ. ಪಾರ್ಸಲ್ ಏನೂ ತರಬೇಡ.

ಅಕ್ಕ


ರಾಣೇಬೆನ್ನೂರು
೩ ಜನವರಿ ೧೯೪೪

ರಘೂ,

ನಿನ್ನನ್ನು ರೈಲು ಹತ್ತಿಸಿ ಬಂದ ಮೇಲೆ ಮನೆ ಸದ್ದಿಲ್ಲದಾಗಿದೆ. ನಿನ್ನ ಚೀಲದಲ್ಲಿ ಅವ್ವ ಇಟ್ಟ ತುಪ್ಪದ ಡಬ್ಬಿಯನ್ನು ಊಟಕ್ಕೆ ಎಂದು ತಿಳಿದು ಖಾಲಿ ಮಾಡಬೇಡ. ಅದು ನಿನ್ನ ಆ ಯಂತ್ರಕ್ಕೆ. ದಿನದ ಮೊದಲ ಗಂಜಿಗೆ ಒಂದು ಹನಿ ಬಿಡಬೇಕಂತೆ. ಸಾಹೇಬರು ಕೇಳಿದರೆ ಏನೂ ಹಾಕಿಲ್ಲ ಎನ್ನು, ನಮ್ಮ ಮನೆಯ ಪದ್ಧತಿಯಲ್ಲಿ ಅದು ಸುಳ್ಳಲ್ಲ.

ನೀನು ಪಿಂಡ ಇಡುವಾಗ ಅವ್ವ ನಿನ್ನ ಕೈಗಳನ್ನೇ ನೋಡುತ್ತಿದ್ದಳು. ನೀನು ಗಮನಿಸಿದೆಯೋ ಇಲ್ಲವೋ.

ನಿನಗೆ ಹೇಳಬೇಕಾದದ್ದು ಅಂದಿನ ಬೆಳಗಿನದು. ನೀನಿನ್ನೂ ಎದ್ದಿರಲಿಲ್ಲ. ನಾನು ಒಳಗೆ ಕೈಗೂಡಿಸಲೆಂದು ಸ್ನಾನಕ್ಕೆ ಬಚ್ಚಲಿಗೆ ಹೋಗುತ್ತಿದ್ದೆ. ಜುಲೈಯಿಂದ ಮನೆಯಲ್ಲಿ ನಿನ್ನ ಕೈಯ ಮಾತೇ ಮಾತು. ನನ್ನ ಕೈ ಏನು ಮುಟ್ಟಿದೆ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಪಿಂಡ ಇಡುವ ಕೈ ನನ್ನದಲ್ಲ. ಎಳ್ಳು ತೊಳೆಯುವ, ಕಾಯಿ ಹೆರೆಯುವ ಕೈ. ಅದನ್ನೇ ಯೋಚಿಸುತ್ತ ನೀರು ತೋಡಿಕೊಳ್ಳುತ್ತಿದ್ದೆ. ಅವ್ವ, ಇನ್ನೂ ತನ್ನ ಸ್ನಾನ ಆಗಿರಲಿಲ್ಲ, ಅಂಟುವಾಳದ ಕಾಯಿ ಮತ್ತು ಬೂದಿ ಹಿಡಿದುಕೊಂಡು ಬಂದು ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತಳು.

"ಕೈ ಕೊಡು."

ಕೊಟ್ಟೆ. ಬೆರಳು ಬೆರಳಿನ ಸಂದಿ ತಿಕ್ಕಿದಳು. ಉಗುರಿನ ಸಂದಿಗೆ ಬೇವಿನ ಕಡ್ಡಿ ಹಾಕಿ ತೆಗೆದಳು. ಏನಿರುತ್ತದೆ ಅಲ್ಲಿ, ಇಷ್ಟು ತಿಂಗಳಾದ ಮೇಲೆ?

"ನಿಮ್ಮ ಸಾಲ್ಯಾಗ ಕಸಾ ಹೊಡೀತಾಳಲ್ಲ, ಗುತ್ತೆವ್ವ" ಎಂದಳು, ಕೈ ಬಿಡದೆ. "ಬೇವಿನ ಗಿಡದ ಬುಡಕ್ಕ ಇರಿವಿ ಯಾಕ ಮುಕುರ್ಯಾವಂತ ಮಾನೌಮಿ ಮುಂದ ಕೆದರಿ ನೋಡಿದ್ಲಂತ. ಡಬ್ಬಿ ನನಗ ತಂದು ತೋರಿಸಿದ್ಲು. ಮುಂಬಯಿ ಚೀಟಿ ಇತ್ತು ಅದರ ಮ್ಯಾಲ."

ಮಾನೌಮಿ ಎಂದರೆ ಅಕ್ಟೋಬರ್. ಅಂದಿನಿಂದ ನಾನು ಅವಳ ಬಾವಿಯಿಂದ ನೀರು ಸೇದಿದ್ದೇನೆ, ಅವಳ ಎದುರು ಕುಳಿತು ಹೂ ಕಟ್ಟಿದ್ದೇನೆ.

"ಗೊತ್ತಿದ್ದೂ ನನಗ ಯಾಕ ಏನೂ ಅನ್ನಲಿಲ್ಲವ್ವಾ? ಅವಗ ಒಂದು ನ್ಯಾಯ, ನನಗೊಂದಾ?"

ಅವ್ವ ನನ್ನ ಕೈಯ ಮೇಲೆ ನೀರು ಸುರಿದಳು. ಆ ಕೈಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೊಮ್ಮೆ ಸುರಿದಳು.

"ನಿನ್ನ ಅಂದಿದ್ರ ನೀನೂ ಈ ಗಂಜಿ ಕೆಲಸಾ ಬಿಟ್ಟು ಕೂಡತಿದ್ದಿ. ಆಮ್ಯಾಲ ಅವಗ ಬರೀತಿದ್ದವರು ಯಾರು? ಏಳು, ಎಳ್ಳು ತೊಳಿ."

ಕೈ ಇನ್ನೂ ಉರಿಯುತ್ತಿದೆ. ಅಕ್ಷರ ಕೆಟ್ಟಿದ್ದರೆ ಅದಕ್ಕೇ.

ಅಕ್ಕ